ಬಾಣಂತಿಯ ನೀರಿನ ಲೆಕ್ಕ

ತಂಗಿಯ ಬಾಣಂತನಕ್ಕೆಂದು ತವರಿಗೆ ಬಂದು ಹದಿನೈದು ದಿನಗಳಾದವು. ಒಂಬತ್ತು ವರ್ಷಗಳ ಹಿಂದೆ ನಾನು ಮಲಗಿದ್ದ ಅದೇ ಕೋಣೆ, ಅದೇ ಸಾಂಬ್ರಾಣಿ ಹೊಗೆ, ಅದೇ ಮೆಣಸು-ಬೆಳ್ಳುಳ್ಳಿಯ ಸಾರು. ಆಗ ನನಗೆ ದಿನಕ್ಕೆ ಮೂರು ಲೋಟ ನೀರು, ಅದೂ ಓಮ ಹಾಕಿ ಕುದಿಸಿದ್ದು. ನಾಲ್ಕನೆಯ ಲೋಟ ಕೇಳಿದರೆ ಹೊಟ್ಟೆ ಬರುತ್ತದೆ, ಮಗುವಿಗೆ ಶೀತವಾಗುತ್ತದೆ ಎನ್ನುತ್ತಿದ್ದರು. ರಾತ್ರಿ ಹಾಲೂಡಿಸಿ ಗಂಟಲು ಒಣಗಿದಾಗ ಬಚ್ಚಲಿಗೆ ಹೋಗುವ ನೆಪದಲ್ಲಿ ನಲ್ಲಿಗೆ ಬಾಯೊಡ್ಡಿದ್ದನ್ನು ನಾನಿನ್ನೂ ಮರೆತಿಲ್ಲ.

ಹಾಗೆಂದು ಬಾಣಂತನವನ್ನೇ ಮೂಢನಂಬಿಕೆ ಎನ್ನುವವರ ಜೊತೆ ನಾನಿಲ್ಲ. ಹೆರಿಗೆಯಾದ ಕೂಡಲೇ ಸುಮಾರು ಒಂದು ಕಿಲೋ ತೂಗುವ ಗರ್ಭಕೋಶ ಮೊದಲಿನ ಗಾತ್ರಕ್ಕೆ ಕುಗ್ಗಲು ಆರು ವಾರಗಳಾದರೂ ಬೇಕು. ಸಿಸೇರಿಯನ್ ಆಗಿದ್ದರೆ ಒಳಗಿನ ಗಾಯ ಮಾಗಬೇಕು. ಅಷ್ಟು ದಿನ ಹೆತ್ತವಳನ್ನು ಒಲೆ-ಬಾವಿಗಳಿಂದ ದೂರವಿರಿಸಿ, ಎಣ್ಣೆ ನೀರು ಹಾಕಿ, ಬಿಸಿಯಾಗಿ ಉಣಬಡಿಸಿದ ಅಜ್ಜಿಯರಿಗೆ ದೇಹದ ಈ ಲೆಕ್ಕ ಗೊತ್ತಿತ್ತು. ಕಾನೂನು ಸಂಬಳಸಹಿತ ರಜೆಯನ್ನು 26 ವಾರಗಳಿಗೆ ಏರಿಸಿದ್ದು 2017ರಲ್ಲಿ. ಹೊಲದಲ್ಲಿ ಕೂಲಿ ಮಾಡುವವಳಿಗೆ ಅದೂ ಇಲ್ಲ.

ನೀರಿನ ಕಟ್ಟುಪಾಡು ಮಾತ್ರ ಅಪಾಯಕಾರಿ. ಹೆರಿಗೆಯ ನಂತರದ ವಾರಗಳಲ್ಲಿ ರಕ್ತ ಹೆಪ್ಪುಗಟ್ಟುವ ಗುಣ ಸಹಜವಾಗಿಯೇ ಹೆಚ್ಚಿರುತ್ತದೆ. ಅದರ ಮೇಲೆ ದೇಹ ಒಣಗಿದರೆ ಮಿದುಳಿನ ರಕ್ತನಾಳದಲ್ಲಿಯೇ ಹೆಪ್ಪುಗಟ್ಟಿ, ಬಿಡದ ತಲೆನೋವಿನಿಂದ ಶುರುವಾಗಿ ಫಿಟ್ಸ್‌ವರೆಗೆ ಹೋಗಬಹುದು. ಆ ತಲೆನೋವನ್ನು ನಾವು ಶೀತವೆಂದು ಇನ್ನೊಂದು ಸ್ಕಾರ್ಫ್ ಸುತ್ತಿ ಬಿಟ್ಟುಬಿಡುತ್ತೇವೆ.

ಮನಸ್ಸಿನ ವಿಷಯದಲ್ಲಿ ನಮ್ಮ ಮೌನ ಇನ್ನೂ ಗಾಢವಾದದ್ದು. ಮತಿಭ್ರಮಣೆಯ ತುದಿ ಮುಟ್ಟಿದವಳಿಗೆ ‘ಬಾಣಂತಿ ಸನ್ನಿ’ ಎಂಬ ಹೆಸರು ಕನ್ನಡದಲ್ಲಿ ಹಿಂದಿನಿಂದಲೂ ಇದೆ. ಆದರೆ ಮಗುವನ್ನು ಎತ್ತಿಕೊಂಡೇ ಗೋಡೆ ನೋಡುತ್ತ ಕೂರುವ, ಅದು ಮಲಗಿದರೂ ತನಗೆ ನಿದ್ದೆ ಬಾರದ ತಾಯಿಯ ಸ್ಥಿತಿಗೆ ನಮ್ಮ ಮನೆಗಳಲ್ಲಿ ಹೆಸರಿಲ್ಲ. ‘ಬಾಣಂತಿ ಅಳಬಾರದು’ ಎಂಬ ಗದರಿಕೆಯಿದೆ. ಮೂರನೆಯ, ನಾಲ್ಕನೆಯ ದಿನ ಬರುವ ಅಳು ಬಹುಮಂದಿಯಲ್ಲಿ ಎರಡು ವಾರಗಳೊಳಗೆ ತಾನಾಗಿ ಇಳಿಯುತ್ತದೆ. ಇಳಿಯದಿದ್ದರೆ ಅದು ಖಿನ್ನತೆಯಿರಬಹುದು, ಅದಕ್ಕೆ ಮದ್ದಿದೆ. ತಾಯಿಯನ್ನೂ ಮಗುವನ್ನೂ ಒಟ್ಟಿಗೇ ಇರಿಸಿಕೊಂಡು ಚಿಕಿತ್ಸೆ ನೀಡುವ ಘಟಕ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದಲೇ ಇದೆ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರೊಡನೆ ಕನ್ನಡದಲ್ಲಿಯೇ ಮಾತನಾಡಬಹುದು.

ಈಗ ತಂಗಿಯ ತಲೆದೆಸೆಯಲ್ಲಿ ಫ್ಲಾಸ್ಕ್ ಇದೆ. ಓಮದ ನೀರೇ, ಅದರಲ್ಲಿ ಅಮ್ಮ ರಾಜಿಯಾಗಿಲ್ಲ. ಆದರೆ ಖಾಲಿಯಾದಾಗಲೆಲ್ಲ ತಾನೇ ತುಂಬಿಸಿಡುತ್ತಾಳೆ. ನಿನ್ನೆ ಮಗು ನೋಡಲು ಬಂದವರೆಲ್ಲ ಹಾಲು ಸಾಕಾಗುತ್ತಿದೆಯೇ ಎಂದೇ ಕೇಳಿದರು. ‘ರಾತ್ರಿ ನಿದ್ದೆ ಮಾಡ್ತೀಯಾ’ ಎಂದು ಕೇಳಿದವರು ಹದಿನಾಲ್ಕನೆಯ ದಿನದ ಭೇಟಿಗೆ ಬಂದ ಆಶಾ ಕಾರ್ಯಕರ್ತೆ ಒಬ್ಬರೇ. ತಂಗಿ ಉತ್ತರ ಹೇಳುವ ಮೊದಲೇ ಅತ್ತಳು. ಅಮ್ಮ ಗದರಲಿಲ್ಲ, ಕೋಣೆಯ ಬಾಗಿಲನ್ನು ಮುಂದೆ ಮಾಡಿ, ಬಂದವರನ್ನು ಜಗಲಿಯಲ್ಲಿ ಕೂರಿಸಿ ಕಾಫಿಗಿಟ್ಟಳು.