ಕೇಳಿ ಕಟ್ಟುವವನಿಗೆ ಮಾತ್ರ ಕಾನೂನೇ?

ಶ್ರೀರಂಗಪಟ್ಟಣದಲ್ಲಿ ಸಂರಕ್ಷಿತ ಸ್ಮಾರಕದ ಮಗ್ಗುಲಿಗೆ ನಮ್ಮ ಮನೆಯಿದೆ. ಅಜ್ಜನ ಕಾಲದ ತೊಟ್ಟಿಮನೆ, ಗಾರೆ ಗೋಡೆ, ನಾಡಹೆಂಚಿನ ಸೂರು. ರೀಪುಗಳಿಗೆ ಗೆದ್ದಲು ಹಿಡಿದು, ಹೆಂಚು ಜಾರಿ, ನಡುಮನೆಗೇ ನೀರು ಇಳಿಯತೊಡಗಿದ ಮೇಲೆ, ಕಾನೂನಿನಂತೆ ಅರ್ಜಿ ಹಾಕಿ, ನಕ್ಷೆ ಕೊಟ್ಟು, ಅನುಮತಿ ಕೈಗೆ ಬಂದ ನಂತರವೇ ನಾವು ದುರಸ್ತಿಗೆ ಕೈಹಾಕಿದೆವು. ಮರದ ಅಳತೆಯನ್ನಾಗಲಿ ಸೂರಿನ ಇಳಿಜಾರನ್ನಾಗಲಿ ಬದಲಿಸಲಿಲ್ಲ. ಒಡೆಯದೆ ಉಳಿದ ಹಳೆಯ ಹೆಂಚುಗಳನ್ನೆಲ್ಲ ಪಾಚಿ ಉಜ್ಜಿ ತೊಳೆದು ಮತ್ತೆ ಹೊದಿಸಲು ಅಂಗಳದಲ್ಲಿ ಒಟ್ಟಿದ್ದೆವು. ಗೋಡೆಯ ನೆತ್ತಿಯಲ್ಲಿ ಸಡಿಲಗೊಂಡಿದ್ದ ಇಟ್ಟಿಗೆ ವರಸೆಯನ್ನು ತೆಗೆದು ಅಷ್ಟೇ ಎತ್ತರಕ್ಕೆ ಕಟ್ಟುತ್ತಿದ್ದಾಗ, ನಾವು ಗೋಡೆ ಎತ್ತರಿಸಿ ಬೀದಿಯ ಪಾರಂಪರಿಕ ನೋಟವನ್ನು ಕೆಡಿಸುತ್ತಿದ್ದೇವೆಂದು ಎದುರು ಮನೆಯವರು ದೂರು ಬರೆದರು. ಕೆಲಸ ಅಲ್ಲಿಗೇ ನಿಂತಿತು.

ಆ ಎದುರು ಮನೆಯನ್ನು ಒಮ್ಮೆ ನೋಡಬೇಕು. ಜಗುಲಿಯನ್ನು ಒಡೆದು ಷಟರ್ ಹಾಕಿದ ಅಂಗಡಿಗಳಾಗಿವೆ, ಮೇಲೆ ಆರ್‌ಸಿಸಿ ಮಹಡಿ ಎದ್ದಿದೆ, ಮುಂಭಾಗಕ್ಕೆಲ್ಲ ನೀಲಿ ಗಾಜು ಕೂರಿಸಲಾಗಿದೆ. ಅನುಮತಿ ಪಡೆದಿದ್ದೀರಾ ಎಂದು ಕೇಳಿದರೆ, 'ನಮ್ಮದು ಆಗಿಹೋದ ಕೆಲಸ, ಸ್ವಾಮಿ' ಎನ್ನುತ್ತಾರೆ. ಬೀದಿಯ ಅಂದದ ಬಗ್ಗೆ ನಮಗೆ ಬುದ್ಧಿ ಹೇಳಲು ಇವರಿಗೆ ಬಾಯಾದರೂ ಹೇಗೆ ಬರುತ್ತದೆ?

ನಾನು ಕಾನೂನಿನ ವಿರೋಧಿಯಲ್ಲ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ ಹೊಸ ಮನೆ ಕಟ್ಟುವಂತಿಲ್ಲ. 1992ರ ಜೂನ್ 16ಕ್ಕೆ ಮೊದಲೇ ಇದ್ದ ಮನೆಗಳನ್ನು ಅನುಮತಿ ಪಡೆದು ದುರಸ್ತಿ ಮಾಡಿಕೊಳ್ಳಬಹುದು. ಮೀರಿದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಇಂಥ ಕಠಿಣ ಕಾಯ್ದೆ ಇಲ್ಲದಿದ್ದರೆ ಕೋಟೆಯ ಕಲ್ಲುಗಳೂ ಇಷ್ಟು ಹೊತ್ತಿಗೆ ಯಾರದೋ ಪಾಯಕ್ಕೆ ಹೋಗಿರುತ್ತಿದ್ದವು ಎಂಬುದನ್ನು ಒಪ್ಪುತ್ತೇನೆ. ಆದರೆ ಅನುಮತಿ ಕೇಳಿದವನ ಹೆಸರು, ನಕ್ಷೆ, ಅಳತೆ ಎಲ್ಲವೂ ಕಡತದಲ್ಲಿರುವುದರಿಂದ ಅವನನ್ನು ಹಿಡಿದು ನಿಲ್ಲಿಸುವುದು ಸುಲಭ. ಕೇಳದೆ ಹಬ್ಬದ ರಜೆಯಲ್ಲಿ ರಾತ್ರೋರಾತ್ರಿ ತಾರಸಿ ಹಾಕಿದವನಿಗೆ ಕಡತವೇ ಇರುವುದಿಲ್ಲ. ನಮ್ಮ ಬೀದಿಯವರು ಕಲಿತಿರುವುದು ಇದನ್ನೇ, ಮತ್ತು ಹಳೆಯ ಜಾಗದ ತಗಾದೆಗಳನ್ನೆಲ್ಲ ತೀರಿಸಿಕೊಳ್ಳಲು ಪಾರಂಪರಿಕ ನೋಟ ಎಂಬ ಮಾತು ಅವರಿಗೆ ಒಳ್ಳೆಯ ಆಯುಧವಾಗಿದೆ.

ಪ್ರತಿಯೊಂದು ಸ್ಮಾರಕಕ್ಕೂ ಪಾರಂಪರಿಕ ಉಪವಿಧಿಗಳನ್ನು ರೂಪಿಸಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ಎತ್ತರ ಎಷ್ಟಿರಬೇಕು, ಸೂರು ಹೇಗಿರಬೇಕು, ಮುಂಭಾಗಕ್ಕೆ ಯಾವ ಬಣ್ಣ ಬಳಿಯಬೇಕು ಎಂಬುದು ಕನ್ನಡದಲ್ಲಿ, ಚಿತ್ರಸಹಿತ, ಬೀದಿಯವರೆಲ್ಲರ ಕೈಗೂ ಸಿಕ್ಕಿದ್ದರೆ ಎದುರು ಮನೆಯವರ ದೂರು ಅಳತೆಪಟ್ಟಿಯ ಮುಂದೆ ಒಂದು ಗಳಿಗೆಯೂ ನಿಲ್ಲುತ್ತಿರಲಿಲ್ಲ. ಅಂಥ ಒಂದು ಹಾಳೆಯನ್ನು ಈ ಬೀದಿಯಲ್ಲಿ ಯಾರ ಬಳಿಯೂ ನಾನು ಕಂಡಿಲ್ಲ.

ಇದೇ ಊರಿನಲ್ಲಿ ರೈಲಿನ ಜೋಡಿ ಹಳಿಗೆ ಅಡ್ಡವಾಗಿದೆಯೆಂದು ಟಿಪ್ಪುವಿನ ಕಾಲದ ಶಸ್ತ್ರಾಗಾರವನ್ನೇ 2017ರಲ್ಲಿ ಇಡಿಯಾಗಿ ಎತ್ತಿ ಸುಮಾರು 130 ಮೀಟರ್ ಆಚೆಗೆ ಸರಿಸಿದರು. ಕಟ್ಟಡ ಉಳಿಯಿತು, ಅದು ನನಗೆ ಸಂತೋಷವೇ. ಅಷ್ಟು ದೊಡ್ಡ ಕೆಲಸಕ್ಕೆ ದಾರಿ ಹುಡುಕಬಲ್ಲ ವ್ಯವಸ್ಥೆಗೆ ಒಂದು ಗೋಡೆಯ ಎತ್ತರವನ್ನು ಬಂದು ಅಳೆಯಲು ಒಬ್ಬ ಮನುಷ್ಯನನ್ನು ಕಳುಹಿಸಲಾಗುವುದಿಲ್ಲವೇ? ನಮ್ಮ ನಡುಮನೆಯ ಮೇಲೆ ಈಗ ಟಾರ್ಪಾಲು ಕಟ್ಟಿದ್ದೇವೆ. ಗೋಡೆ ಅಳೆಯಲು ಬರುವವರು ಅದೇ ಪಟ್ಟಿ ಹಿಡಿದು ಬೀದಿ ದಾಟಿ ಎದುರಿನ ಮಹಡಿಯನ್ನೂ ಅಳೆಯಲೇಬೇಕೆಂದು ಲಿಖಿತವಾಗಿ ಕೇಳಿದ್ದೇನೆ; ಉತ್ತರವೂ ಲಿಖಿತವಾಗಿಯೇ ಬರಬೇಕು.