ಇನ್ನೂ ಹುಟ್ಟದವರ ಪಾಲು

ನೌರು ಎಂಬ ಪುಟ್ಟ ದ್ವೀಪರಾಷ್ಟ್ರದ ಕತೆ ಬಹಳ ದಿನಗಳಿಂದ ನನ್ನನ್ನು ಕಾಡುತ್ತಿದೆ. 1968ರಲ್ಲಿ ಸ್ವತಂತ್ರವಾದ ಆ ದೇಶ ತನ್ನ ನೆಲದಲ್ಲಿದ್ದ, ಗೊಬ್ಬರಕ್ಕೆ ಬಳಸುವ ಫಾಸ್ಫೇಟ್ ಖನಿಜವನ್ನು ಅಗೆದು ಮಾರಿ, ಎಪ್ಪತ್ತರ ದಶಕದಲ್ಲಿ ತಲಾ ಆದಾಯದಲ್ಲಿ ಜಗತ್ತಿನ ಮುಂಚೂಣಿಗೆ ಬಂತು. ಮುಂದಿನವರಿಗೆಂದು ನಿಧಿಯನ್ನೂ ಕಟ್ಟಿಟ್ಟಿತ್ತು. ಆದರೆ ಆ ನಿಧಿಗೆ ಬೇಲಿ ಇರಲಿಲ್ಲ. ಹೋಟೆಲು, ವಿಮಾನ, ಹೊರದೇಶದ ಕಟ್ಟಡ ಎಂದು ಹಣ ಕರಗಿತು, ಸಾಲ ಉಳಿಯಿತು. ದ್ವೀಪದ ನಡುಭಾಗ ಇಂದು ಮಣ್ಣೇ ಇಲ್ಲದ ಚೂಪುಗಲ್ಲುಗಳ ಬಯಲು.

ನಾರ್ವೆಗೆ 1969ರಲ್ಲಿ ಕಡಲ ತಳದ ತೈಲ ಸಿಕ್ಕಿತು. 1990ರಲ್ಲಿ ಅವರು ನಿಧಿಗೊಂದು ಕಾಯ್ದೆ ಮಾಡಿದರು, 1996ರಲ್ಲಿ ಮೊದಲ ಹಣ ತುಂಬಿದರು. 2001ರಲ್ಲಿ, ಸರಾಸರಿಯಾಗಿ ವರ್ಷಕ್ಕೆ ನಿಧಿಯ ಶೇ. 4ರಷ್ಟನ್ನು ಮಾತ್ರ ಬಳಸಬೇಕೆಂದು ಒಪ್ಪಿಕೊಂಡರು. ಮುಂದೆ ಆ ಮಿತಿಯನ್ನು ಶೇ. 3ಕ್ಕೆ ಇಳಿಸಿದರು. ಗಂಟು ಕರಗಿಸದೆ ಅದರ ಫಲವನ್ನಷ್ಟೇ ಉಣ್ಣುವ ಈ ಲೆಕ್ಕ ರೈತರಿಗೆ ಹೊಸದಲ್ಲ, ಬಿತ್ತನೆಯ ಬೀಜವನ್ನು ಯಾರೂ ಬೇಯಿಸಿ ತಿನ್ನುವುದಿಲ್ಲ. ಆ ತೈಲದ ಹೊಗೆ ಮಾತ್ರ ಎಲ್ಲರ ಆಕಾಶವನ್ನೂ ಸೇರಿತು ಎಂಬುದನ್ನು ನಾನು ಮರೆತಿಲ್ಲ. ನಾರ್ವೆ ತನ್ನ ಮೊಮ್ಮಕ್ಕಳ ಹಣವನ್ನು ಕಾಯ್ದಿತು, ಎಲ್ಲರ ಮೊಮ್ಮಕ್ಕಳ ಗಾಳಿಯನ್ನಲ್ಲ.

ಎರಡೂ ಕಡೆ ಸಂಪತ್ತಿತ್ತು, ನಾಳೆಯ ಯೋಚನೆಯೂ ಇತ್ತು. ಒಂದು ಕಡೆ ಮಾತ್ರ ಆಳುವವರ ಕೈಕಟ್ಟುವ ನಿಯಮವಿತ್ತು. ದೂರದೃಷ್ಟಿಯ ಯೋಜನೆ ಎಂದರೆ ನನ್ನ ಪಾಲಿಗೆ ಇದೇ. ದಪ್ಪ ಕಡತವಲ್ಲ, ಸರ್ಕಾರ ಬದಲಾದರೂ ಬದಲಾಗದ ಕಟ್ಟು.

ಹುಟ್ಟದ ಮಕ್ಕಳಿಗೆ ಮತವಿಲ್ಲ. ಅವರ ಪರವಾಗಿ ಮಾತನಾಡಲೆಂದೇ ವೇಲ್ಸ್ 2015ರ ಕಾಯ್ದೆಯಲ್ಲಿ ಒಬ್ಬ ಆಯುಕ್ತರ ಹುದ್ದೆಯನ್ನು ಸೃಷ್ಟಿಸಿತು. ಅವರು ವಿರೋಧಿಸಿದ್ದ ದೊಡ್ಡ ಹೆದ್ದಾರಿ ಯೋಜನೆಯೊಂದನ್ನು ಅಲ್ಲಿನ ಸರ್ಕಾರ 2019ರಲ್ಲಿ ಕೈಬಿಟ್ಟಿತು. ಹಂಗೇರಿಯೂ 2008ರಲ್ಲಿ ಇಂಥ ಸ್ವತಂತ್ರ ಹುದ್ದೆಯನ್ನು ತುಂಬಿತ್ತು. 2012ರಲ್ಲಿ ಅದನ್ನು ಇನ್ನೊಬ್ಬರ ಕೈಕೆಳಗಿನ ಉಪಹುದ್ದೆಯಾಗಿ ಇಳಿಸಿಬಿಟ್ಟರು. ನನಗೆ ಬಹಳ ಬೇಸರ ತರಿಸಿದ ಸಂಗತಿ ಇದು.

ಸಂತೋಷದ ಮಾತು ಬಂದರೆ ಎಲ್ಲರೂ ಭೂತಾನಿನತ್ತ ಬೆರಳು ತೋರಿಸುತ್ತಾರೆ. ದೇಶದ ಶೇ. 60ರಷ್ಟು ನೆಲ ಎಂದೆಂದಿಗೂ ಕಾಡಾಗಿರಬೇಕೆಂದು 2008ರ ಅದರ ಸಂವಿಧಾನ ಹೇಳುತ್ತದೆ. ಜನರ ಸಂತೋಷದ ಲೆಕ್ಕ ಹಾಕುವಾಗ ನಿದ್ದೆಗೆ, ದುಡಿಮೆಗೆ ಅವರ ಎಷ್ಟು ಹೊತ್ತು ಹೋಗುತ್ತದೆ ಎಂಬುದನ್ನೂ ಆ ದೇಶ ಅಳೆಯುತ್ತದೆ. ಇದನ್ನು ಮನಸಾರೆ ಮೆಚ್ಚುತ್ತೇನೆ. ಆದರೂ ಅಲ್ಲಿನ ಯುವಜನರು ಕೆಲಸ ಹುಡುಕಿಕೊಂಡು ದೊಡ್ಡ ಸಂಖ್ಯೆಯಲ್ಲಿ ಆಸ್ಟ್ರೇಲಿಯಾಕ್ಕೆ ಹೊರಟಿದ್ದಾರೆ. ಕಾಡು ಉಳಿಸಿ, ಕಾಡಿನ ನೆರಳಲ್ಲಿ ಬಾಳಬೇಕಾದವರನ್ನು ಕಳೆದುಕೊಳ್ಳುವುದು ಯಾವ ನೆಮ್ಮದಿ? ಘನತೆಯ ದುಡಿಮೆಯೂ ಯೋಜನೆಯ ಒಡಲಲ್ಲಿರಬೇಕು.

ನನ್ನ ಬೇಡಿಕೆ ಚಿಕ್ಕದು. ಯಾವ ದೇಶದಲ್ಲೇ ಆಗಲಿ, ಪ್ರತಿ ಮಸೂದೆಯ ಜೊತೆ ಒಂದು ಪುಟ ಇರಲಿ: 30 ವರ್ಷದ ನಂತರ ಇದರಿಂದ ನೀರಿಗೆ, ನೆಲಕ್ಕೆ, ಸಾಲಕ್ಕೆ, ದುಡಿಯುವ ಕೈಗಳಿಗೆ ಏನಾಗುತ್ತದೆ? ಮತ ಹಾಕುವ ಮುನ್ನ ಆ ಪುಟವನ್ನು ಸದನದಲ್ಲಿ ಗಟ್ಟಿಯಾಗಿ ಓದಲಿ, ಓದಿದವರ ಹೆಸರು ದಾಖಲಾಗಲಿ.