ಗೋವಾ ಮಳೆಗೆ ಇಂಟರ್‌ಲಾಕ್ ನಿಲ್ಲುತ್ತಾ?

ಮನೆ ಮುಂದೆ ಕಾರಿನ ದಾರಿಗೆ ಇಂಟರ್‌ಲಾಕ್ (ಒಂದಕ್ಕೊಂದು ಹೊಂದಿಸಿ ಜೋಡಿಸುವ ಸಿಮೆಂಟ್ ಬ್ಲಾಕ್) ಹಾಕಿಸಲು ಎಷ್ಟು ಖರ್ಚಾಗುತ್ತೆ ಅಂತ ನಿಮ್ಮ ಲೇಖನದಲ್ಲಿ ಚೆನ್ನಾಗಿ ಬರೆದಿದ್ದೀರಿ. ಆದರೆ ಲೆಕ್ಕವೆಲ್ಲ ಕಣ್ಣಿಗೆ ಕಾಣುವ ಬ್ಲಾಕಿನದ್ದೇ ಆಯ್ತು, ಅದರ ಕೆಳಗಿನ ತಳದ್ದು ಬರಲೇ ಇಲ್ಲ, ಅಲ್ವಾ?

ನಾವು ಧಾರವಾಡದವರು, ಫೋಂಡಾದಲ್ಲಿ ಮನೆ ಕಟ್ಟಿದ್ದೇವೆ. ಇಲ್ಲಿ ಮಳೆಗಾಲದಲ್ಲಿ ಸುಮಾರು 3000 ಮಿ.ಮೀ. ಮಳೆ. ಎಲ್ಲರಿಗಿಂತ ಕಡಿಮೆ ರೇಟ್ ಹೇಳಿದ ಗುತ್ತಿಗೆದಾರನಿಗೆ ಕೆಲಸ ಕೊಟ್ಟೆ. ಆತ ಮಣ್ಣು ದಮ್ಮಸ್ ಮಾಡದೆ (ಕುಟ್ಟಿ ಗಟ್ಟಿ ಮಾಡದೆ), ಜಲ್ಲಿ ಹಾಕದೆ, ಬರೀ ಮರಳಿನ ಮೇಲೆ ಬ್ಲಾಕ್ ಜೋಡಿಸಿ ಹೋದ. ಅಂಚಿಗೆ ಕಟ್ಟೆಯೂ ಇಲ್ಲ. ಜುಲೈ ಹೊತ್ತಿಗೆ ಚಕ್ರ ಓಡಾಡುವ ಕಡೆ ಎರಡು ಕಾಲುವೆ! ಎಲ್ಲ ಕಿತ್ತು ಮತ್ತೆ ಹಾಕಿಸಿದೆ. ಸದ್ಯ, ಬ್ಲಾಕ್ ಒಡೆದಿರಲಿಲ್ಲ. ಇಂಟರ್‌ಲಾಕ್‌ನ ಲಾಭ ಇದೇ, ತೆಗೆದು ಮತ್ತೆ ಜೋಡಿಸಬಹುದು.

ಕಾರಿಗೆ 60 ಮಿ.ಮೀ. ದಪ್ಪದ ಬ್ಲಾಕ್ ಸಾಕು. ನೀರಿನ ಟ್ಯಾಂಕರ್ ಒಳಗೆ ಬರುವುದಾದರೆ 80 ಹಾಕಿಸಿ.

ಕಾಂಕ್ರೀಟ್ ಬೇಕೆನ್ನುವವರು ಮೊದಲು ಅಳತೆ ಹಾಕಿ. 10 ಅಡಿ ಅಗಲ, 30 ಅಡಿ ಉದ್ದ, 4 ಇಂಚು ದಪ್ಪ ಅಂದರೆ 100 ಘನ ಅಡಿ. ಎಂ20 ಮಿಶ್ರಣಕ್ಕೆ (ಒಂದು ಪಾಲು ಸಿಮೆಂಟ್, ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿ) ಸುಮಾರು 23 ಚೀಲ ಸಿಮೆಂಟ್ ಹಿಡಿಯುತ್ತೆ. ಇಷ್ಟು ಗೊತ್ತಿದ್ದರೆ ಕೊಟೇಶನ್ ನೋಡಿದ ಕೂಡಲೇ ಯಾರು ಜಾಸ್ತಿ ಹೇಳುತ್ತಿದ್ದಾರೆ ಅಂತ ತಿಳಿಯುತ್ತೆ.

ನುಣುಪು ಟೈಲ್ಸ್ ಮಾತ್ರ ಬೇಡ. ಪಾಚಿ ಕಟ್ಟಿ ನಮ್ಮತ್ತೆ ಒಮ್ಮೆ ಜಾರಿದ್ದಾರೆ. ಇಳಿಜಾರು 30 ಅಡಿಗೆ 7 ಇಂಚಾದರೂ ಇರಲಿ, ಅದೂ ಚರಂಡಿ ಕಡೆಗೆ. ನಮ್ಮ ಪಕ್ಕದವರದ್ದು ಮನೆ ಬಾಗಿಲ ಕಡೆಗಿದೆ!